ಆಸ್ಟ್ರೇಲಿಯನ್ ಫುಟ್‌ಬಾಲ್ ಜೆರ್ಸಿಯಲ್ಲಿ ಪ್ರಾಯೋಜಕರ ಲೋಗೋ ಅಷ್ಟು ಚಿಕ್ಕದೇಕೆ? ಹಾಕಿಸುವಾಗ ಏನು ಗಮನಿಸಬೇಕು?

ಇದು ಸಾಕರ್ ಅಲ್ಲ, ಆಸ್ಟ್ರೇಲಿಯಾದ್ದೇ ಆಟ; ಎದೆಯ ನಡುಭಾಗ ಅಲ್ಲಿ ಕ್ಲಬ್‌ನ ಗುರುತಿಗೆ ಮೀಸಲು. ಕಾರ್ಲ್‌ಟನ್ ಕ್ಲಬ್‌ನ ಕಡುನೀಲಿ ಜೆರ್ಸಿಯಲ್ಲಿ ಹೆಣೆದುಕೊಂಡ 'ಸಿಎಫ್‌ಸಿ' (ಕಾರ್ಲ್‌ಟನ್ ಫುಟ್‌ಬಾಲ್ ಕ್ಲಬ್) ಅಕ್ಷರಗಳು, ರಿಚ್ಮಂಡ್‌ಗೆ ಕಪ್ಪಿನ ಮೇಲೆ ಓರೆಯಾದ ಹಳದಿ ಪಟ್ಟಿ, ಕಾಲಿಂಗ್‌ವುಡ್‌ಗೆ ಕಪ್ಪು-ಬಿಳಿ ಉದ್ದಪಟ್ಟಿ. ಇದನ್ನು ಮುಚ್ಚಿದರೆ ಅಭಿಮಾನಿಗಳು ಸುಮ್ಮನಿರುವುದಿಲ್ಲ. ಹಾಗಾಗಿ ಪ್ರಾಯೋಜಕರಿಗೆ ಸಿಗುವುದು ಎದೆಯ ಮೇಲ್ಭಾಗ, ಬೆನ್ನು ಮತ್ತು ಚಡ್ಡಿ. 1925ರಿಂದ ಜೀಲಾಂಗ್ ಕ್ಲಬ್ ಜೊತೆಗಿರುವ ಕಾರು ಕಂಪನಿ ಫೋರ್ಡ್ ಕೂಡ ನೀಲಿ-ಬಿಳಿ ಅಡ್ಡಪಟ್ಟಿಗಳನ್ನು ಬದಲಿಸಿಲ್ಲ. 1997ರಲ್ಲಿ ಕಾರ್ಲ್‌ಟನ್ ಎಂ ಅಂಡ್ ಎಂಸ್ ಮಿಠಾಯಿಯ ಪ್ರಚಾರಕ್ಕಾಗಿ ಒಂದು ಪಂದ್ಯದಲ್ಲಿ ತಿಳಿನೀಲಿ ತೊಟ್ಟಿತು. ಅದು ಇಂದಿಗೂ ಚರ್ಚೆಯಾಗುತ್ತದೆ. ಬಣ್ಣವನ್ನೇ ಮಾರುವುದು ನನ್ನ ಪ್ರಕಾರ ತಪ್ಪು.

ಸ್ಥಳೀಯ ತಂಡಕ್ಕೆ ಹೊಲಿಸುವವರು ಎಡವುವುದು ಮುದ್ರಣದಲ್ಲಿ. ಪಾಲಿಯೆಸ್ಟರ್‌ಗೆ ಸಬ್ಲಿಮೇಶನ್ ಮುದ್ರಣ ಸೂಕ್ತ: ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಣ್ಣ ನೂಲಿಗೇ ಇಳಿಯುತ್ತದೆ, ಒಗೆದರೂ ಸಿಪ್ಪೆ ಏಳುವುದಿಲ್ಲ. ಆದರೆ ಇದರಲ್ಲಿ ಬಿಳಿ ಶಾಯಿ ಇಲ್ಲ, ಬಿಳಿ ಎಂದರೆ ಬರಿಯ ಬಟ್ಟೆ. ಆದ್ದರಿಂದ ಬಿಳಿ ಬಟ್ಟೆಯ ಮೇಲೆ ಪಟ್ಟಿ, ಲೋಗೋ ಎರಡನ್ನೂ ಒಟ್ಟಿಗೆ ಮುದ್ರಿಸಿ ಆಮೇಲೆ ಹೊಲಿಯಬೇಕು.

ಹೊಸ ಪ್ರಾಯೋಜಕ ತಡವಾಗಿ ಬಂದರೆ ಹೀಟ್ ಪ್ರೆಸ್ ಸ್ಟಿಕರ್ (ಬಿಸಿ ಯಂತ್ರದಿಂದ ಒತ್ತಿ ಅಂಟಿಸುವುದು) ಅನಿವಾರ್ಯ. ಕೆಂಪು ಪಾಲಿಯೆಸ್ಟರ್ ಮೇಲೆ ಮಾಮೂಲಿ ಬಿಳಿ ಸ್ಟಿಕರ್ ಒತ್ತಿದರೆ ಬಟ್ಟೆಯ ಬಣ್ಣ ಮೇಲೇರಿ ಕೆಲವೇ ದಿನಗಳಲ್ಲಿ ಲೋಗೋ ಗುಲಾಬಿಯಾಗುತ್ತದೆ. ಬಣ್ಣ ತಡೆಯುವ ಪದರವಿರುವ, ಕಡಿಮೆ ಶಾಖದ ಸ್ಟಿಕರ್ ಕೇಳಿ. ಜೆರ್ಸಿಗೆ ತೋಳಿಲ್ಲದ ಕಾರಣ ಕಂಕುಳ ಅಂಚಿನಿಂದ ಲೋಗೋ ಒಂದೆರಡು ಇಂಚು ಒಳಗಿರಲಿ. ಟ್ಯಾಕಲ್‌ನಲ್ಲಿ, ಅಂದರೆ ಎದುರಾಳಿ ಹಿಡಿದು ತಡೆಯುವಾಗ, ಹೆಚ್ಚು ಎಳೆತ ಬೀಳುವುದು ಆ ಅಂಚಿನಲ್ಲೇ.