ಅಮೆರಿಕಕ್ಕೆ ಬಂದು ವರ್ಷಗಳಾದ ಮೇಲೆ ಅಸೈಲಂ ಕೇಳಬಹುದೇ?
ವೀಸಾ ಯಾವತ್ತೋ ಮುಗಿದಿದೆ, ಈಗ ಅಸೈಲಂ (ಸ್ವದೇಶದಲ್ಲಿ ಕಿರುಕುಳದ ಭಯ ಇರುವವರಿಗೆ ಕೊಡುವ ಆಶ್ರಯ) ಕೇಳಲು ಹೋದರೆ ‘ತಡವಾಯಿತು’ ಎನ್ನುತ್ತಾರೆ ಅಂದಿರಿ. ಕಾರಣ ಬಹುಶಃ ಒಂದು ವರ್ಷದ ಗಡುವು. ಅಮೆರಿಕಕ್ಕೆ ಬಂದ 1 ವರ್ಷದೊಳಗೆ ಐ-589 ಎಂಬ ಅಸೈಲಂ ಅರ್ಜಿ ಹಾಕಬೇಕು ಎಂಬುದು ನಿಯಮ. ಆದರೆ ಅದಕ್ಕೆ ವಿನಾಯಿತಿಗಳಿವೆ.

ಮೊದಲು ನಿಮ್ಮ ಮೇಲೆ ಇಮಿಗ್ರೇಶನ್ ಕೋರ್ಟಿನಲ್ಲಿ ಕೇಸ್ ಇದೆಯಾ ನೋಡಿ. ಇದ್ದರೆ ಅರ್ಜಿ ಜಡ್ಜ್ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ವಲಸೆ ಅರ್ಜಿಗಳನ್ನು ನೋಡುವ ಸರ್ಕಾರಿ ಇಲಾಖೆ ಯುಎಸ್‌ಸಿಐಎಸ್‌ಗೆ. ಎ-ನಂಬರ್ (ವಲಸೆ ಇಲಾಖೆ ನಿಮ್ಮ ಫೈಲಿಗೆ ಕೊಟ್ಟ ಸಂಖ್ಯೆ) ಇದ್ದರೆ ಕೋರ್ಟಿನ ವೆಬ್‌ಸೈಟಿನಲ್ಲೇ ಗೊತ್ತಾಗುತ್ತದೆ.

ಆಮೇಲೆ ಅಮೆರಿಕದ ಮಾಹಿತಿ ಹಕ್ಕಿನ (ಎಫ್‌ಒಐಎ) ಅರ್ಜಿ ಹಾಕಿ ನಿಮ್ಮ ಹಳೇ ಫೈಲ್ ತರಿಸಿಕೊಳ್ಳಿ. ಹಿಂದೆ ಬರೆದಿದ್ದಕ್ಕೂ ಈಗ ಹೇಳುವುದಕ್ಕೂ ತಾಳೆಯಾಗದಿದ್ದರೆ ಅಲ್ಲೇ ಹಿಡಿಯುತ್ತಾರೆ.

ವಿನಾಯಿತಿಯೇ ಇಲ್ಲಿ ಮುಖ್ಯ. ನಿಮ್ಮ ದೇಶದಲ್ಲಿ ಸರ್ಕಾರ ಬದಲಾಗಿ ಅಪಾಯ ಹೆಚ್ಚಿರಬಹುದು. ನೀವೇ ಧರ್ಮ ಬದಲಿಸಿರಬಹುದು. ಗಂಭೀರ ಕಾಯಿಲೆಯಿಂದ ತಡವಾಗಿರಬಹುದು. ಕಾರಣ ಯಾವುದಾದರೂ ದಾಖಲೆ ಬೇಕು, ಮತ್ತು ಅದಾದ ಮೇಲೆ ‘ಸಮಂಜಸ ಸಮಯ’ದೊಳಗೆ ಅರ್ಜಿ ಹಾಕಿರಬೇಕು. ಅದು ಇಷ್ಟೇ ದಿನ ಅಂತ ಕಾನೂನಿನಲ್ಲಿಲ್ಲ, ಹಾಗಾಗಿ ದಿನ ತಳ್ಳಬೇಡಿ.

ವಿನಾಯಿತಿ ಸಿಗದಿದ್ದರೆ ಅದೇ ಫಾರ್ಮಿನಲ್ಲಿ ‘ವಿತ್‌ಹೋಲ್ಡಿಂಗ್ ಆಫ್ ರಿಮೂವಲ್’, ಅಂದರೆ ಅಪಾಯವಿರುವ ದೇಶಕ್ಕೆ ಗಡೀಪಾರು ಮಾಡದಂತೆ ತಡೆ, ಕೇಳಬಹುದು. ಅದನ್ನು ಕೊಡುವುದು ಜಡ್ಜ್ ಮಾತ್ರ. ಗಡುವಿಲ್ಲ, ಆದರೆ ಅಪಾಯದ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಎಂದು ತೋರಿಸಬೇಕು. ಅದರಿಂದ ಗ್ರೀನ್ ಕಾರ್ಡ್ ಸಿಗುವುದಿಲ್ಲ.

ಬರೀ ವರ್ಕ್ ಪರ್ಮಿಟ್ ಆಸೆಗೆ ಸುಮ್ನೆ ಅರ್ಜಿ ಹಾಕಬೇಡಿ. ವೀಸಾ ಇಲ್ಲದವರಿಗೆ ಯುಎಸ್‌ಸಿಐಎಸ್ ಒಪ್ಪದಿದ್ದರೆ ಕೇಸ್ ನೇರ ಗಡೀಪಾರು ಕೋರ್ಟಿಗೆ. ಅರ್ಜಿಗೆ ಮುಂಚೆ ವಕೀಲರಿಗೆ ಫೈಲ್ ತೋರಿಸಿ. ಉಚಿತವಾಗಿ ನೋಡುವವರ ಪಟ್ಟಿ ಇಮಿಗ್ರೇಶನ್ ಕೋರ್ಟಿನ ವೆಬ್‌ಸೈಟಿನಲ್ಲಿ ರಾಜ್ಯವಾರು ಇದೆ.