ಸೊಪ್ಪಿನ ನೀರು ಚೆಲ್ಲಬೇಡಿ

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಏಳು ವರ್ಷ. ಇಡ್ಲಿ, ಮೊಸರನ್ನ, ಆಲೂಗಡ್ಡೆ ಪಲ್ಯ ಬಿಟ್ಟರೆ ಬೇರೇನೂ ಬೇಡ ಅನ್ನುತ್ತಾನೆ. ತಟ್ಟೆಯಲ್ಲಿ ಐದಾರು ಬಣ್ಣ ಇರಬೇಕು, ಬ್ರೊಕೊಲಿ, ಬ್ಲೂಬೆರಿ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮೂರಲ್ಲಿ ಅವು ಸಿಗೋದೇ ಕಷ್ಟ, ಸಿಕ್ಕರೂ ದುಬಾರಿ. ಏನು ಮಾಡಲಿ?
– ಒಬ್ಬ ತಾಯಿ, ಚಳ್ಳಕೆರೆ

ಉತ್ತರ: ಅವಿಲ್ಲದಿದ್ದರೆ ಏನೂ ನಷ್ಟವಿಲ್ಲಮ್ಮ. ನಿಮ್ಮ ಸಂತೆಯಲ್ಲಿ ಕೆಂಪು ದಂಟಿನ ಸೊಪ್ಪು ಸಿಗುತ್ತದೆ ಅಲ್ವಾ? ಅಲ್ಲಿಂದ ಶುರು ಮಾಡಿ.

ನಾನು ತುಮಕೂರು ಕಡೆಯವಳು. ನಮ್ಮಜ್ಜಿ ದಂಟಿನ ಸೊಪ್ಪು, ಹೆಸರುಕಾಳು ಬೇಯಿಸಿ ಬಸಿದರೆ ಕೆಳಗಿನ ಪಾತ್ರೆಯಲ್ಲಿ ಕಡುಗೆಂಪು ನೀರು ನಿಲ್ಲುತ್ತಿತ್ತು. ಆ ನೀರಿಗೆ ಖಾರ ರುಬ್ಬಿ ಹಾಕಿದರೆ ಬಸ್ಸಾರು. ಸೊಪ್ಪು, ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಈ ಕೆಂಪು, ನೀರಲ್ಲಿ ಕರಗುವಂಥ ಬಣ್ಣ. ಅದರ ಜೊತೆಗೆ ಫೋಲೇಟ್ ಅನ್ನೋ ಬಿ ವಿಟಮಿನ್, ಸಿ ವಿಟಮಿನ್ ಕೂಡ ನೀರಿಗಿಳಿಯುತ್ತವೆ. ಈಗ ಎಷ್ಟೋ ಮನೆಗಳಲ್ಲಿ ಆ ನೀರನ್ನು ಸಿಂಕಿಗೆ ಸುರಿಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಒಲೆಯಿಂದ ಇಳಿಸಿದ ಮೇಲೆ ಪಲ್ಯಕ್ಕೆ ಅರ್ಧ ಹೋಳು ನಿಂಬೆ ಹಿಂಡಿ. ಸೊಪ್ಪಿನ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ.

ಕ್ಯಾರೆಟ್, ಸಿಹಿಗುಂಬಳದ ಬಣ್ಣ ಬೇರೆ ಥರ. ಕ್ಯಾರೆಟ್ ಪಲ್ಯ ಮಾಡುವಾಗ ಬಾಣಲೆಯ ಅಂಚು ನೋಡಿ, ಎಣ್ಣೆ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ. ಅದು ಬೀಟಾ ಕ್ಯಾರೊಟಿನ್. ದೇಹ ಅದರಿಂದ ಎ ವಿಟಮಿನ್ ಮಾಡಿಕೊಳ್ಳುತ್ತದೆ, ಕಣ್ಣಿಗೆ ಬೇಕಾದದ್ದು. ಜೊತೆಗೆ ಸ್ವಲ್ಪ ಎಣ್ಣೆಯೋ ತುಪ್ಪವೋ ಇರಲೇಬೇಕು. ಟೊಮೆಟೊ ಕೆಂಪೂ ಹೀಗೆಯೇ. ಹಸಿಯದಕ್ಕಿಂತ ಬೆಂದದ್ದರಿಂದ ಜಾಸ್ತಿ ಸಿಗುತ್ತದೆ, ಹಾಗಾಗಿ ಟೊಮೆಟೊ ಸಾರಿಗೆ ತುಪ್ಪದ ಒಗ್ಗರಣೆ ಒಳ್ಳೆಯದೇ. ಇನ್ನು ಬ್ಲೂಬೆರಿಯ ನೀಲಿಗೆ ಕಾರಣವಾದ ಆಂಥೋಸಯಾನಿನ್ ನಮ್ಮ ನೇರಳೆ ಹಣ್ಣಿನಲ್ಲೂ ಇದೆ, ಬದನೆಕಾಯಿ ಸಿಪ್ಪೆಯಲ್ಲೂ ಇದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಲ್ಲಿ ದೊಡ್ಡವರಿಗೆ ದಿನಕ್ಕೆ ಸೊಪ್ಪು, ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ ಅಂತಿದೆ. ನಿಮ್ಮ ಮಗನ ವಿಷಯದಲ್ಲಿ ಸದ್ಯಕ್ಕೆ ಗ್ರಾಂ ಲೆಕ್ಕ ಬೇಡ. ಅವನಿಗೆ ಇಷ್ಟವಾದ ಮೊಸರನ್ನಕ್ಕೇ ಒಂದು ಹಿಡಿ ದಾಳಿಂಬೆ ಕಾಳು ಹಾಕಿ. ಇಡ್ಲಿ ಹಿಟ್ಟಿಗೆ ಕ್ಯಾರೆಟ್ ತುರಿದು ಹಾಕಿ. ಹೊಸ ಪಲ್ಯ ಒಂದೇ ಚಮಚ ಬಡಿಸಿ, ಬಿಟ್ಟರೆ ಗದರಬೇಡಿ, ಎರಡು ದಿನ ಬಿಟ್ಟು ಮತ್ತೆ ಬಡಿಸಿ. ಹತ್ತು ಸಲ ಬೇಡ ಅಂದ ಮಗು ಹನ್ನೊಂದನೇ ಸಲ ತಿಂದದ್ದನ್ನು ನನ್ನ ಮಗಳಲ್ಲೇ ನೋಡಿದ್ದೇನೆ. ಸೊಪ್ಪು ಬಿಡಿಸೋಕೆ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಯೆಲ್ಲ ಕೆಂಪಾಗಲಿ. ಬಣ್ಣ ಹಾಕಿದ ಪ್ಯಾಕೆಟ್ ಜ್ಯೂಸ್ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಬೀಟ್‌ರೂಟ್ ತಿಂದ ಮರುದಿನ ಮೂತ್ರ ಕೆಂಪಗೆ ಹೋದರೆ ಗಾಬರಿಯಾಗಬೇಡಿ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಬೀಟ್‌ರೂಟ್ ತಿನ್ನದೇ ಹಾಗಾದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.