ಟೊಂಕ ನೋವಿಗೆ ಹಿಜಾಮಾ ಮಾಡಿಸಬಹುದಾ?

ಆಳಂದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನನಗೀಗ ಏಳು ತಿಂಗಳು. ಟೊಂಕ ನೋವು ತಡೆಯೋಕೆ ಆಗ್ತಿಲ್ಲ. ಕಲಬುರಗಿಗೆ ಹೋಗಿ ಹಿಜಾಮಾ ಮಾಡಿಸು, ಕೆಟ್ಟ ರಕ್ತ ಹೋಗುತ್ತೆ ಅಂತ ಮನೆಯಲ್ಲಿ ಹೇಳ್ತಾರೆ. ಈಗ ಬೇಡ ಅಂದ್ರೆ ಬಾಣಂತನದಲ್ಲಿ ಮಾಡಿಸಲಾ?’

ತಂಗಿ, ಚರ್ಮ ಗೀರಿ ಕಪ್ ಇಟ್ಟು ರಕ್ತ ತೆಗೆಯುವ ಈ ಹಿಜಾಮಾ ಈಗಂತೂ ಬೇಡ. ಬಾಣಂತನದಲ್ಲೂ ಬೇಡ, ಮಾಸು ಬಿಟ್ಟ ಜಾಗ ಒಳಗೆ ಇನ್ನೂ ಹಸಿ ಗಾಯವೇ. ಮನೆಯವರು ಕಾಳಜಿಯಿಂದಲೇ ಹೇಳಿದ್ದಾರೆ, ನಿಮ್ಮ ನೋವೂ ಸುಳ್ಳಲ್ಲ. ಆದರೆ ಹೊಟ್ಟೆ ಮುಂದೆ ಬಂದಂತೆ ಭಾರ ಟೊಂಕಕ್ಕೆ ಬೀಳುತ್ತದೆ, ಕೀಲುಗಳ ಬಿಗಿ ಸಡಿಲಾಗುತ್ತದೆ. ರಕ್ತ ತೆಗೆದರೆ ಹೋಗುವ ನೋವಲ್ಲ ಇದು. ಬಸುರಿಯ ಹಿಮೋಗ್ಲೋಬಿನ್ 11 ದಾಟಿಸಲು ಆಶಾ ಕಾರ್ಯಕರ್ತೆಯರು ಕಬ್ಬಿಣದ ಮಾತ್ರೆ ಹಿಡಿದು ಮನೆ ಮನೆ ತಿರುಗುತ್ತಾರೆ. ಇರೋ ರಕ್ತ ಯಾಕೆ ಚೆಲ್ಲಬೇಕು?

ನನಗೆ ಜಾಸ್ತಿ ಭಯ ಸೋಂಕಿನದು. ಹಿಜಾಮಾದಲ್ಲಿ ಬೆನ್ನಿಗೆ ಬ್ಲೇಡಿನಿಂದ ಸಣ್ಣ ಸಣ್ಣ ಗೀರು ಹಾಕಿ, ಮೇಲೆ ಕಪ್ ಕೂರಿಸಿ ರಕ್ತ ಎಳೆಯುತ್ತಾರೆ. ಬ್ಲೇಡು ಹೊಸದೇ ಇರಬಹುದು. ಕಪ್? ಬೇರೆಯವರ ರಕ್ತ ತಾಗಿದ್ದನ್ನು ತೊಳೆದು ಸುಮ್ನೆ ಸ್ಪಿರಿಟ್ ಒರೆಸಿದರೆ ಸಾಲದು. ಲಿವರ್‌ಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೂ ಕನಿಷ್ಠ 7 ದಿನ ಬದುಕಿರುತ್ತದೆ, ರಕ್ತದ ಕಲೆ ಕಣ್ಣಿಗೆ ಕಾಣದಿದ್ದರೂ. ಮತ್ತೆ ಬಳಸಿದ ಅಕ್ಯುಪಂಕ್ಚರ್ ಸೂಜಿಗೂ ಇದೇ ಮಾತು. ಇನ್ನು ಕೆಲವರು ರಕ್ತ ಹೀರಿಸಲು ಬಿಡುವ ಜಿಗಣೆಯ ಹೊಟ್ಟೆಯೊಳಗೇ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಕಚ್ಚಿದ ಗಾಯಕ್ಕೆ ಸೋಂಕು ತರಬಹುದು.

ಒಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ತಾಯಿ ಕಾರ್ಡಿನಲ್ಲಿ ಹೆಪಟೈಟಿಸ್ ಬಿ ‘ನೆಗೆಟಿವ್’ ಅಂತ ಇದೆ ಅಲ್ವಾ? ಅದು ಸಾಮಾನ್ಯವಾಗಿ ಮೊದಲ ತಿಂಗಳುಗಳ ಪರೀಕ್ಷೆ. ಏಳನೇ ತಿಂಗಳಲ್ಲಿ ಸೋಂಕು ತಗುಲಿದರೆ ಕಾರ್ಡು ಬದಲಾಗುವುದಿಲ್ಲ, ಹೆರಿಗೆ ಮಾಡಿಸುವವರಿಗೂ ಗೊತ್ತಾಗುವುದಿಲ್ಲ. ಹುಟ್ಟುವ ಹೊತ್ತಿಗೆ ಹೆಪಟೈಟಿಸ್ ಬಿ ಅಂಟಿಸಿಕೊಂಡ 10 ಕೂಸುಗಳಲ್ಲಿ ಸುಮಾರು 9ಕ್ಕೆ ಅದು ಮೈಯಲ್ಲೇ ಉಳಿದುಬಿಡುತ್ತದೆ. ತಡೆಯಲು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಬೇಕು. ತಾಯಿಗೆ ಸೋಂಕಿದೆ ಅಂತ ಗೊತ್ತಿದ್ದರೆ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದನ್ನೂ ಕೊಡುತ್ತಾರೆ. ಹಾಗಾಗಿ ಬಸುರಿನಲ್ಲಿ ಇಂಥದ್ದು ಈಗಾಗಲೇ ಮಾಡಿಸಿಕೊಂಡವರು ಯಾರೇ ಇರಲಿ, ಬೈಯುತ್ತಾರೆಂದು ಮುಚ್ಚಿಡಬೇಡಿ. ಡಾಕ್ಟರಿಗೆ ಹೇಳಿ, ಮತ್ತೆ ಪರೀಕ್ಷೆ ಮಾಡಿಸಿ.

ನೋವಿಗೆ ಚರ್ಮ ಹರಿಯದ ದಾರಿಗಳಿವೆ. ಟೊಂಕಕ್ಕೆ ಬೆಚ್ಚಗಿನ ಶಾಖ ಕೊಡಿ. ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ. ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕಿಸಿಕೊಳ್ಳಬಹುದು. ಪ್ಯಾರಾಸಿಟಮಾಲ್ ಬೇಕಿದ್ದರೆ ಡಾಕ್ಟರನ್ನು ಕೇಳಿ ತಗೊಳ್ಳಿ. ಮೆಡಿಕಲ್ ಅಂಗಡಿಯವರು ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬೇಡಿ. ನೋವು ಬಿಟ್ಟುಬಿಟ್ಟು ಬಂದು ಹೊಟ್ಟೆ ಗಟ್ಟಿಯಾದರೆ, ಜ್ವರದ ಜೊತೆ ಉರಿಮೂತ್ರ ಇದ್ದರೆ, ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.